ಬೇರಿಗೆ ಬಿಸಿನೀರು

ನಮ್ಮೂರಿನಲ್ಲಿ ಮನೆ ಮುಂದೆ ಹೂಕುಂಡ ಇಡದವರಿಗೆ ಯಾರೂ ಹೆಣ್ಣು ಕೊಡುವುದಿಲ್ಲ, ಹೆಪ್ಪಿಗೆ ಒಂದು ಚಮಚ ಮಜ್ಜಿಗೆಯನ್ನೂ ಕೊಡುವುದಿಲ್ಲ. ಕುಂಡ ಇಲ್ಲವೆಂದರೆ ಆ ಮನೆಯವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ಅರ್ಥ. ಹಾಗಂತ ಕುಂಡ ಇಟ್ಟವರು ಸುಖವಾಗಿದ್ದಾರೆ ಎಂದುಕೊಳ್ಳಬೇಡಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ಗಿಡಗಳ ಮೇಲಿನ ಹುಳುಗಳು ಮನೆಯೊಳಗೆ ಆಡಿದ ಮಾತುಗಳನ್ನು ಆಡಿದವರ ದನಿಯಲ್ಲೇ ಬೀದಿಗೆ ಕೇಳುವಂತೆ ಹೇಳುತ್ತವೆ. ತುಳಸಿಯ ಮೇಲಿನ ಹುಳು ಹೇಳುವುದಿಲ್ಲ. ಕರಿಬೇವಿನದ್ದು, ಬದನೆಯದ್ದು ಹೇಳುವುದಿಲ್ಲ. ಕ್ರೋಟನ್, ಆಂಥೂರಿಯಂ, ಪಾಮ್, ಹೀಗೆ ಚೆಂದಕ್ಕೆಂದು ಸಾಕಿದ ಗಿಡಗಳ ಮೇಲಿನವು ಮಾತ್ರ. ಯಾಕೆ ಎಂದು ನನ್ನನ್ನು ಕೇಳಬೇಡಿ. ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ, ಕೇಳಲು ಯಾರಿಗೂ ಪುರುಸೊತ್ತಿಲ್ಲ. ಪಕ್ಕದ ಮನೆಯ ಆಂಥೂರಿಯಂ ಏನು ಹೇಳುತ್ತದೆ ಎಂದು ಕಿವಿಗೊಡುವುದರಲ್ಲೇ ಎಲ್ಲರ ಸಂಜೆ ಮುಗಿದುಹೋಗುತ್ತದೆ.

ನಾನು ಹಾಲಮ್ಮ. ಸಂತೆಬೀದಿಯ ಕೊನೆಯಲ್ಲಿರುವ ಗಿಡದ ಬಚ್ಚಲು ನನ್ನದು. ಮನುಷ್ಯರು ಅವರವರ ಮನೆಯಲ್ಲಿ ಮೀಯುತ್ತಾರೆ, ಗಿಡಗಳಿಗೆ ಎರೆಯುವುದು ನನ್ನಲ್ಲಿ. ದೊಡ್ಡ ಒಲೆ, ಅದರ ಮೇಲೆ ತಾಮ್ರದ ಹಂಡೆ, ಪಕ್ಕದಲ್ಲಿ ಕುಂಡ ಪೂರ್ತಿ ಮುಳುಗುವಷ್ಟು ಆಳದ ಕಲ್ಲಿನ ತೊಟ್ಟಿ. ಗಿಡವನ್ನು ಬಿಸಿನೀರಿನಲ್ಲಿ ಅದ್ದಿ, ಹುಳು ಸಾಯುವಷ್ಟು ಹೊತ್ತು ಹಿಡಿದು, ಗಿಡ ಸಾಯುವ ಮೊದಲು ಎತ್ತಬೇಕು. ಕೆಲಸ ಇಷ್ಟೇ. ಹೇಳಿದಷ್ಟು ಸುಲಭವಾಗಿದ್ದರೆ ಊರಿನ ಸೋಮಾರಿಗಳೆಲ್ಲ ಇದೇ ಕಸುಬು ಹಿಡಿಯುತ್ತಿದ್ದರು. ನೀರು ಕೊಂಚ ಆರಿದ್ದರೆ ಹುಳುಗಳಿಗೆ ಹಬ್ಬದ ಸ್ನಾನವಾಗಿ, ಸಂಜೆ ಎರಡರಷ್ಟು ಹುರುಪಿನಿಂದ ಮಾತಾಡುತ್ತವೆ. ಕೊಂಚ ಹೆಚ್ಚಾದರೆ ಎಲೆಯೆಲ್ಲ ಬೆಂದು ಸೊಪ್ಪಿನ ಪಲ್ಯವಾಗುತ್ತದೆ. ಬೇಡವೆಂದು ಔಷಧಿ ಹೊಡೆದು ನೋಡಿದವರೂ ಇದ್ದಾರೆ. ಅವರ ಮನೆಯ ಹುಳುಗಳು ಸಾಯಲಿಲ್ಲ, ಕೆಮ್ಮುತ್ತ ಕೆಮ್ಮುತ್ತ ಅದೇ ಮಾತನ್ನು ಇನ್ನಷ್ಟು ಎಳೆದು ಹೇಳಿದವು. ಕೊನೆಗೆ ಕುಂಡ ಹೊತ್ತುಕೊಂಡು ನನ್ನ ಬಾಗಿಲಿಗೇ ಬಂದರು. ನಾನು ಏನೂ ಅನ್ನಲಿಲ್ಲ, ಅನ್ನದಿರುವುದು ನನಗೆ ಬಹಳ ಕಷ್ಟವಾಯಿತು.

ನೀರಿನ ಬಿಸಿಯನ್ನು ನಾನು ಮೊಣಕೈಯಲ್ಲಿ ನೋಡುತ್ತೇನೆ, ಕೂಸಿಗೆ ಎರೆಯುವವರು ನೋಡುವ ಹಾಗೆ. ಹೊತ್ತನ್ನು ಹಾಡಿನಲ್ಲಿ ಅಳೆಯುತ್ತೇನೆ. ಕೂಸು ಮೀಯಿಸುವ ಹಾಡೊಂದಿದೆ, ನಮ್ಮೂರಿನ ಹೆಂಗಸರಿಗೆಲ್ಲ ಬರುತ್ತದೆ, 'ನೀರು ಬಂತು ನೆತ್ತಿಗೆ, ನಿದ್ದೆ ಬಂತು ರೆಪ್ಪೆಗೆ' ಅಂತ ಶುರುವಾಗುತ್ತದೆ. ಕುಂಡ ನೀರಿಗಿಳಿದಾಗ ಹಾಡು ಎತ್ತಿಕೊಂಡರೆ, ಕೊನೆಯ ನುಡಿ ಮುಗಿದಾಗ ಕುಂಡ ಎತ್ತಬೇಕು. ನಮ್ಮತ್ತೆ ಇದನ್ನು ಕಲಿಸುವಾಗ ಗಂಟಲು ಹರಿಯುವಷ್ಟು ಜೋರಾಗಿ ಹಾಡಬೇಕು ಎಂದಿದ್ದರು. ಯಾಕೆಂದರೆ ಹುಳುಗಳು ಸಾಯುವಾಗ ತಮ್ಮಲ್ಲಿರುವುದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಸಾಯುತ್ತವೆ. ಊರಿನವರ ಮನೆಯ ಮಾತನ್ನೆಲ್ಲ ಕೇಳಿಸಿಕೊಂಡರೆ ಎರೆಯುವವಳು ಊರಲ್ಲಿ ಬಾಳುವುದು ಹೇಗೆ? ಹಾಗಾಗಿ ಹಾಡು ನನಗೆ ಗಡಿಯಾರವೂ ಹೌದು, ಕಿವಿಗೆ ಹತ್ತಿಯೂ ಹೌದು. ನನ್ನ ದನಿ ಕತ್ತೆಯ ದನಿ ಎಂದು ಆಡಿಕೊಳ್ಳುವವರು ಇದ್ದಾರೆ. ಅವರ ಮನೆಯ ಗುಟ್ಟುಗಳನ್ನು ಉಳಿಸಿರುವುದು ಆ ದನಿಯೇ ಎಂಬುದನ್ನು ಮರೆಯುತ್ತಾರೆ.

ಎಳೆಯ, ನಾಜೂಕಿನ ಗಿಡವಾದರೆ ಹಿಂದಿನ ದಿನವೇ ತರಲು ಹೇಳುತ್ತೇನೆ. ಅದಕ್ಕೆ ಮೊದಲು ಉಗುರುಬೆಚ್ಚಗಿನ ನೀರು ಹಾಕಿ ರೂಢಿ ಮಾಡಿಸಬೇಕು. ಬೆಚ್ಚಗಿನದನ್ನು ಉಂಡ ಗಿಡ ಮರುದಿನ ಬಿಸಿಯನ್ನು ತಾಳಿಕೊಳ್ಳುತ್ತದೆ. ಆದರೆ ಈ ಉಪಚಾರ ಅತಿಯಾಗಬಾರದು, ಅತಿಯಾದರೆ ಹುಳುವಿಗೂ ರೂಢಿಯಾಗಿಬಿಡುತ್ತದೆ.

ಹುಳುಗಳಲ್ಲಿಯೂ ಸ್ವಭಾವಗಳಿವೆ. ಗಿಡಹೇನಿಗೆ ಇವತ್ತಿನ ಮಾತು ಮಾತ್ರ ನೆನಪು. ಬಿಳಿನೊಣ ಈ ಮನೆಯದ್ದನ್ನು ಹಾರಿ ಹೋಗಿ ಆ ಮನೆಯಲ್ಲಿ ಹೇಳುತ್ತದೆ, ಊರಿನ ಅರ್ಧ ಜಗಳಕ್ಕೆ ಅದೇ ಕಾರಣ. ಎಲೆಯ ಸಂದಿಯಲ್ಲಿ ಹತ್ತಿಯಂತೆ ಕೂತಿರುವ ಹಿಟ್ಟು ತಿಗಣೆ ಹಾಗಲ್ಲ, ವರ್ಷಗಟ್ಟಲೆ ಹಳೆಯ ಮಾತನ್ನು ಮಕ್ಕಳು ಮರಿಗಳಿಗೂ ಕಲಿಸಿ ಅದನ್ನೇ ಹೇಳಿಸುತ್ತದೆ. ಇನ್ನು ಬೇರಿನ ತಿಗಣೆ. ಅದು ಮಣ್ಣಿನೊಳಗೆ ಇರುವುದರಿಂದ ಸಂಜೆ ಬಾಯಿ ಬಿಡುವುದಿಲ್ಲ. ಬುಡ ಬೆಚ್ಚಗಾದರೆ ಮಾತ್ರ ಮಾತಾಡುತ್ತದೆ, ನಮ್ಮೂರಿನ ಬುಡಗಳು ಬೆಚ್ಚಗಾಗುವುದು ನನ್ನ ತೊಟ್ಟಿಯಲ್ಲಿ ಮಾತ್ರ. ಅದಕ್ಕೇ ಊರಿನವರು ಯಾರಿಗೂ ಹೇಳಲಾಗದ್ದನ್ನು ಬೇರಿಗೆ ಹೇಳುತ್ತಾರೆ. ಗಿಡಕ್ಕೆ ನೀರು ಹಾಕುವ ನೆಪದಲ್ಲಿ ಬಗ್ಗಿ, ಮಣ್ಣಿಗೆ ಬಾಯಿ ಹತ್ತಿರ ತಂದು ಗೊಣಗಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋಗಿ ಅತ್ತೆಗೆ ಕಾಫಿ ಕೊಡುತ್ತಾರೆ. ಮೇಲೆ ಎಲೆಗಳ ಹತ್ತಿರ ನಿಂತಾಗ ಮಾತ್ರ, ಬೀದಿಗೆ ಕೇಳಲೆಂದು, 'ಇನ್ನೊಂಚೂರು ತುಪ್ಪ ಹಾಕ್ಲಾ ಅತ್ತೆ?' ಎಂದು ಕೂಗುತ್ತಾರೆ.

ಗಿರಾಕಿಗಳ ಬೇಡಿಕೆಯೂ ವಿಚಿತ್ರ. ಪೂರ್ತಿ ಎರೆದು ಕೊಟ್ಟರೆ ಗಿಡ ಸುಮ್ಮನಾಗುತ್ತದೆ. ಸುಮ್ಮನಾದರೆ ಬೀದಿಯವರು ಏನು ಮುಚ್ಚಿಡಲು ಎರೆಸಿದರೋ ಎನ್ನುತ್ತಾರೆ. ಆದ್ದರಿಂದ, 'ಸ್ವಲ್ಪ ಉಳಿಸಿ ಹಾಲಮ್ಮಾರೇ, ತುಪ್ಪದ ಮಾತು ಹೇಳೋ ಹುಳ ಉಳೀಲಿ' ಎನ್ನುತ್ತಾರೆ. ಬಿಸಿನೀರಿಗೆ ತುಪ್ಪದ ಹುಳು ಯಾವುದು, ಬೈಗುಳದ ಹುಳು ಯಾವುದು ಎಂದು ಗೊತ್ತಾಗುತ್ತದೆಯೇ? ನಮ್ಮ ಮನೆಯ ಮುಂದೆ ಒಂದು ಪಾಮ್ ಇದೆ. ಒಲೆ ಹೇಗೂ ಉರಿಯುತ್ತಿರುತ್ತದೆಂದು ಆಗಾಗ ಎರೆಯುತ್ತಲೇ ಇರುತ್ತೇನೆ. ಅದು ಏನೂ ಹೇಳುವುದಿಲ್ಲ. ಹಾಗಾಗಿ ಊರಿಗೆ ನನ್ನ ಮೇಲೆ, ಸೌದೆ ಒಡೆಯುವುದು ಬಿಟ್ಟು ಬೇರೇನೂ ಗೊತ್ತಿಲ್ಲದ ನನ್ನ ಗಂಡನ ಮೇಲೆ, ಬಹಳ ಅನುಮಾನ.

ಆ ದಿನ ಬೆಳಿಗ್ಗೆ ಸರ್ವಮಂಗಳಮ್ಮ ಆಟೋದಲ್ಲಿ ಒಂದು ಕ್ರೋಟನ್ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಜೊತೆಯಲ್ಲಿ ಅವರ ನಾದಿನಿ ಕಮಲಾಕ್ಷಿ. ಸರ್ವಮಂಗಳಮ್ಮನ ಗಂಡ ಗುರುಸಿದ್ದಪ್ಪನವರು ಹೋದ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಅವರು ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಮೈಕ್ ಹಿಡಿದು ಬಸ್ಸುಗಳ ಹೊತ್ತು ಕೂಗುತ್ತಿದ್ದವರು. ಬಸ್ ಸ್ಟ್ಯಾಂಡಿನಲ್ಲಿ ಊರಿಗೆಲ್ಲ ಕೇಳುವಂತೆ ಮಾತಾಡಿ ಮಾತಾಡಿ ಮನೆಗೆ ಬರುವಾಗ ಮಾತು ತೀರಿಹೋಗಿರುತ್ತಿತ್ತೋ ಏನೋ, ಮನೆಯಲ್ಲಿ ಬಾಯಿ ತೆಗೆದರೆ ಊಟದ ತಕರಾರು ಅಷ್ಟೇ. ಅದನ್ನು ನಾನೇನೂ ಕಂಡುಹಿಡಿಯಬೇಕಾಗಿರಲಿಲ್ಲ. ಅವರ ಬೀದಿಯಲ್ಲಿ ಸಂಜೆ ನಡೆದು ಹೋದ ಯಾರಿಗೂ ಗೊತ್ತಿತ್ತು. 'ಸಾರಿಗೆ ಉಪ್ಪು ಯಾರಪ್ಪನ ಮನೆಯಿಂದ ತಂದು ಸುರಿದೆ?' ಎಂದು ಆ ಕ್ರೋಟನ್ ಮೈಕ್ ಹಿಡಿದವರ ದನಿಯಲ್ಲೇ ಕೇಳುತ್ತಿತ್ತು. ಮನುಷ್ಯ ಹೋದ ಮೇಲೂ ಕೇಳುತ್ತಲೇ ಇತ್ತು. ಬೀದಿಯ ಹುಡುಗರು ದೀಪ ಹಚ್ಚುವ ಹೊತ್ತಿಗೆ ಬಂದು ನಿಂತು, 'ಯಾರಪ್ಪನ ಮನೆಯಿಂದ?' ಎಂದು ಒಟ್ಟಿಗೆ ಕೂಗಿ ಓಡುತ್ತಿದ್ದರು.

"ನೋಡಿ ಹಾಲಮ್ಮಾರೇ," ಎಂದರು ಕಮಲಾಕ್ಷಿ, ಕುಂಡ ಇಳಿಸುವ ಮೊದಲೇ. "ನಮ್ಮಣ್ಣ ಎಂಥ ಮನುಷ್ಯ ಅಂತ ಊರಿಗೇ ಗೊತ್ತು. ಈ ಹಾಳು ಹುಳದಿಂದ ಅವನ ಮರ್ಯಾದೆ ಬೀದಿ ಪಾಲಾಗ್ತಿದೆ. ಒಂದೂ ಉಳೀಬಾರದು. ಕುದಿಯೋ ನೀರು ಹಾಕಿ."

"ಕುದಿಯೋ ನೀರು ಹಾಕೋದಾದ್ರೆ ನನ್ನ ಹತ್ರ ಯಾಕೆ ಬಂದ್ರಿ ಕಮಲಾಕ್ಷಮ್ಮಾರೇ? ನಿಮ್ಮನೇಲಿ ಒಲೆ ಇಲ್ವಾ?" ಎಂದೆ. ನನಗೆ ಕುದಿಯುವ ನೀರಿನ ಮಾತೆತ್ತಿದರೆ ಮೈ ಉರಿಯುತ್ತದೆ.

ಸರ್ವಮಂಗಳಮ್ಮ ಕುಂಡವನ್ನು ಕಲ್ಲಿನ ಮೇಲೆ ಇಳಿಸಿ, ಒಂದು ಹಳದಿ ಎಲೆಯನ್ನು ಬೆರಳಲ್ಲಿ ಎತ್ತಿ ಹಿಡಿದು ನನಗೆ ತೋರಿಸಿದರು. ನಾನು ಬಗ್ಗಿ ನೋಡಿದೆ. ಪ್ರತಿ ಸಂದಿಯಲ್ಲೂ ಹಿಟ್ಟು ತಿಗಣೆ. ಮಣ್ಣು ಕೆದಕಿದೆ, ಬೇರಿನ ತುಂಬ ಬಿಳಿ ಪುಡಿ. ಗಿಡ ಬಹಳ ದಿನ ಬದುಕುವ ಹಾಗಿರಲಿಲ್ಲ. ಎರೆಯದಿದ್ದರೆ ದೀಪಾವಳಿ ಕಾಣುವುದಿಲ್ಲ ಎಂದು ಹೇಳಿದೆ.

"ಕಮಲಾ, ನೀನು ಹೊರಗೆ ಕೂತಿರು," ಎಂದರು ಸರ್ವಮಂಗಳಮ್ಮ.

"ಯಾಕತ್ತಿಗೆ? ನಾನೂ ಕೇಳ್ತೀನಿ."

"ಎರೆಯೋವಾಗ ಮನೆಯವರು ಒಬ್ಬರೇ ಇರಬೇಕು," ಎಂದು ನಾನು ಅಲ್ಲೇ ಒಂದು ನಿಯಮ ಹುಟ್ಟಿಸಿ ಕಮಲಾಕ್ಷಿಯನ್ನು ಜಗಲಿಗೆ ಕಳಿಸಿ ಬಾಗಿಲು ಮುಂದೆ ಮಾಡಿದೆ. ಹೊರಗೆ ನನ್ನ ಗಂಡ ಸೌದೆ ಒಡೆಯುತ್ತಿದ್ದರು. ಅವರ ಜೊತೆ ಕೂತು ಆಕೆ ಬೇಕಾದಷ್ಟು ಮಾತಾಡಬಹುದಿತ್ತು, ಉತ್ತರ ಬರುವ ಅಪಾಯವಿರಲಿಲ್ಲ.

ಬಾಗಿಲು ಮುಚ್ಚಿದ ಮೇಲೆ ಸರ್ವಮಂಗಳಮ್ಮ ತಗ್ಗಿದ ದನಿಯಲ್ಲಿ, "ಮೇಲಿಂದು ಹೋಗ್ಲಿ ಹಾಲಮ್ಮ. ಉಪ್ಪು ಖಾರ ಎಲ್ಲಾ ಹೋಗ್ಲಿ, ಕೇಳಿ ಕೇಳಿ ಸಾಕಾಗಿದೆ. ನನಗೆ ಬೇಕಾಗಿರೋದು ಬೇರಲ್ಲಿರೋದು," ಎಂದರು.

"ಬೇರಲ್ಲಿ ಏನಿದೆ?"

"ಅದೇ ಗೊತ್ತಿಲ್ಲ. ದಿನಾ ಬೆಳಿಗ್ಗೆ ಸ್ನಾನ ಮಾಡಿದ್ಮೇಲೆ ಹಂಡೇಲಿ ಉಳಿದ ನೀರು ಒಂದು ಚೊಂಬು ತಂದು ಈ ಗಿಡದ ಬುಡಕ್ಕೆ ಹಾಕೋರು. ಬಿಸಿನೀರು ಗಿಡಕ್ಕೆ ಯಾಕೆ ದಂಡ ಮಾಡ್ತೀರಿ ಅಂತ ನಾನು ಬೈಯೋಳು. ಆಮೇಲೆ ಬಗ್ಗಿ ಕೂತು ಏನೋ ಅನ್ನೋರು. ನಾನು ಬಾಗಿಲಿಗೆ ಬಂದ್ರೆ ಸುಮ್ಮನಾಗಿ ಎದ್ದು ಹೋಗೋರು. ಇಷ್ಟು ವರ್ಷದಲ್ಲಿ ನನಗೆ ಒಂದು ಒಳ್ಳೆ ಮಾತು ಆಡ್ಲಿಲ್ಲ. ಆಡಿದ್ರೆ ಇದಕ್ಕೇ ಆಡಿರಬೇಕು. ಒಂದೇ ಒಂದು ಸಲ ಕೇಳಿಸು. ಅಷ್ಟು ಸಾಕು. ಆಮೇಲೆ ಗಿಡ ಉಳಿಸಿ ಕೊಡು. ಅವರ ಕೈಯಿಂದ ನೀರು ಕುಡಿದದ್ದು ಇದೊಂದೇ."

ಎರಡೂ ಆಗಬೇಕು ಎಂದರೆ ನಾನೇನು ಮಾಡಲಿ? ಬೇರಿನ ಹುಳು ಬೆಚ್ಚಗಾದಾಗ ಮಾತಾಡುತ್ತದೆ, ಇನ್ನೂ ಬಿಸಿಯಾದಾಗ ಸಾಯುತ್ತದೆ. ಕೇಳಿಸುವುದೂ ಕೊಲ್ಲುವುದೂ ಒಂದೇ ನೀರು. ಒಂದು ಸಲಕ್ಕಿಂತ ಹೆಚ್ಚು ಕೇಳಲು ಸಿಗುವುದಿಲ್ಲ ಎಂದು ಬಿಡಿಸಿ ಹೇಳಿದೆ. ಅವರು ತಲೆಯಾಡಿಸಿದರು.

"ಇನ್ನೊಂದು," ಎಂದರು. "ಇವತ್ತು ನೀನು ಹಾಡಬೇಡ."

ನನಗೆ ಸಿಟ್ಟು ಬಂತು. "ಹಾಡದೆ ಎರೆಯೋಕಾಗುತ್ತಾ ಅಮ್ಮಾ? ನನಗೆ ಹೊತ್ತು ಹೇಗೆ ತಿಳಿಯುತ್ತೆ?"

"ಮನಸ್ಸಲ್ಲೇ ಹಾಡ್ಕೋ. ನಿನ್ನ ದನಿ ಎತ್ತಿದ್ರೆ ಅವರದು ಕೇಳಿಸುತ್ತಾ?"

ನನ್ನ ದನಿಯ ಬಗ್ಗೆ ಇಷ್ಟು ಸತ್ಯವಾದ ಮಾತನ್ನು ಯಾರೂ ಇಷ್ಟು ಮೆತ್ತಗೆ ಆಡಿರಲಿಲ್ಲ. ಒಪ್ಪಿಕೊಂಡೆ.

ಮೊದಲು ಮೇಲಿನ ಕೆಲಸ. ಮಣ್ಣು ಜಾರದಂತೆ ಕುಂಡದ ಬಾಯಿಗೆ ಬಟ್ಟೆ ಕಟ್ಟಿ, ಗಿಡವನ್ನು ತಲೆಕೆಳಗು ಮಾಡಿ, ಎಲೆಗಳನ್ನಷ್ಟೇ ತೊಟ್ಟಿಯಲ್ಲಿ ಅದ್ದಿದೆ. ಇದಕ್ಕೆ ಹಾಡಿದೆ, ಆದರೂ ಆ ಹಿಟ್ಟು ತಿಗಣೆಗಳ ಗಂಟಲೆಂದರೆ ಬಸ್ ಸ್ಟ್ಯಾಂಡಿನ ಗಂಟಲು. 'ಕಾಫಿ ಆರಿದೆ', 'ಚಟ್ನಿ ಸಪ್ಪೆ', 'ಅನ್ನ ಮುದ್ದೆ ಆಗಿದೆ', 'ಬಾಗಿಲು ಹಾಕಿದ್ಯಾ?', 'ಉಪ್ಪು ಯಾರಪ್ಪನ ಮನೆಯಿಂದ', ನಡುವೆ, ನಿದ್ದೆಯಲ್ಲಿ ಕನವರಿಸಿದ್ದೋ ಏನೋ, 'ಮೇಲಿನ ಪೇಟೆಗೆ ಹೋಗುವ ಪ್ರಯಾಣಿಕರು ಕೂಡಲೇ ಹತ್ತಿಕೊಳ್ಳಿ', ಎಲ್ಲವೂ ಒಂದರ ಮೇಲೊಂದು ಬಿದ್ದು ಹೊರಬಂದವು. ಹಾಡು ಮುಗಿಯುವಷ್ಟರಲ್ಲಿ ತಣ್ಣಗಾದವು. ಸರ್ವಮಂಗಳಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿಂತಿದ್ದರು. ಕೊನೆಯ 'ಉಪ್ಪು' ನಿಂತಾಗ, "ಸದ್ಯ," ಎಂದರು. ಆದರೆ ಆ ಮಾತು ಹೇಳಿದ ಮೇಲೆ ಅವರ ಮುಖದಲ್ಲಿ ನೆಮ್ಮದಿಯೇನೂ ಕಾಣಲಿಲ್ಲ.

ನಂತರ ತೊಟ್ಟಿಗೆ ಇನ್ನಷ್ಟು ಬಿಸಿ ನೀರು ಬೆರೆಸಿ, ಮೊಣಕೈ ಇಟ್ಟು ನೋಡಿ, ಕುಂಡವನ್ನು ನೆಟ್ಟಗೆ ಇಳಿಸಿದೆ. ನೀರು ಮಣ್ಣಿಗಿಳಿದು ಗುಳುಗುಳು ಎಂದು ಗುಳ್ಳೆ ಎದ್ದವು. ಮನಸ್ಸಿನಲ್ಲೇ 'ನೀರು ಬಂತು ನೆತ್ತಿಗೆ' ಎಂದು ಶುರು ಮಾಡಿದೆ. ಸರ್ವಮಂಗಳಮ್ಮ ತೊಟ್ಟಿಯ ಅಂಚಿಗೆ ಕೈಯೂರಿ, ಕಿವಿ ನೀರಿಗೆ ತಾಗುವಷ್ಟು ಬಗ್ಗಿದರು. ಬಚ್ಚಲಿನಲ್ಲಿ ಹಾಡಿಲ್ಲದೆ ನಾನು ಎಂದೂ ನಿಂತಿರಲಿಲ್ಲ. ಒಲೆ ಇಷ್ಟು ಸದ್ದು ಮಾಡುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಮಣ್ಣಿನೊಳಗಿಂದ ಒಂದು ದನಿ ಬಂತು. ಹೆಂಗಸಿನ ದನಿ.

'ಕಲ್ಲು. ಕಲ್ಲಾದ್ರೂ ಬಿಸಿಲಿಗೆ ಬೆಚ್ಚಗಾಗುತ್ತೆ.'

ಸರ್ವಮಂಗಳಮ್ಮ ತಟ್ಟನೆ ತಲೆಯೆತ್ತಿ ನನ್ನನ್ನು ನೋಡಿದರು. ಅದು ಅವರದೇ ದನಿ. ಮಧ್ಯಾಹ್ನ ಅಕ್ಕಿ ತೊಳೆದ ನೀರನ್ನು ಈ ಕುಂಡಕ್ಕೇ ಚೆಲ್ಲುವಾಗ ಬಗ್ಗಿ ಗೊಣಗಿದ್ದಂತೆ, ಆಮೇಲೆ ಅವರೇ ಹೇಳಿದರು. ನಮ್ಮೂರಿನ ಎಲ್ಲ ಹೆಂಗಸರಂತೆ ಅವರೂ ಹೇಳಲಾಗದ್ದನ್ನು ಬೇರಿಗೆ ಹೇಳಿ ಒಳಗೆ ಹೋಗಿದ್ದರು. ಅದು ಅಲ್ಲೇ ಇರುತ್ತದೆ, ಒಂದು ದಿನ ಎದುರಿಗೆ ಬರುತ್ತದೆ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ಅವರ ಮುಖ ಕಿವಿಯವರೆಗೂ ಕೆಂಪಾಯಿತು.

ಆಗ ಅದರ ಬೆನ್ನಿಗೇ ಇನ್ನೊಂದು ದನಿ ಬಂತು. ಗಂಡಸಿನದು, ಮೆತ್ತಗೆ, ಯಾರಿಗೂ ಕೇಳಿಸಬಾರದೆಂದು ಆಡಿದ್ದು.

'ನಿಜ.'

ನನಗೆ ಮೊದಲು ಅರ್ಥವಾಗಲಿಲ್ಲ. ಇಷ್ಟು ಮೆತ್ತಗಿನ ದನಿ ಗುರುಸಿದ್ದಪ್ಪನವರದು ಎಂದು ಗುರುತು ಹಿಡಿಯಲೂ ಆಗಲಿಲ್ಲ. ಬೇರು ಮುಂದುವರಿಸಿತು. 'ಇವರ ಜೊತೆ ಬಾಳೋ ಬದಲು ಬಸ್ ಸ್ಟ್ಯಾಂಡಿನ ಕಂಬದ ಜೊತೆ ಬಾಳಬಹುದಿತ್ತು' ಎಂದಿತು ಹೆಂಗಸಿನ ದನಿ. 'ಬಾಳಬಹುದಿತ್ತು' ಎಂದಿತು ಗಂಡಸಿನ ದನಿ. 'ಹಬ್ಬದ ದಿನ ಹೊಸ ಸೀರೆ ಉಟ್ಕೊಂಡು ಎದುರಿಗೆ ನಿಂತ್ರೆ, ಬಾಗಿಲು ಹಾಕಿದ್ಯಾ ಅಂತ ಕೇಳ್ತಾರೆ.' ನೀರಿನಲ್ಲಿ ಗುಳ್ಳೆಗಳು ಏಳುತ್ತಿದ್ದವು. ಆಮೇಲೆ ಗಂಡಸಿನ ದನಿ, 'ಕೇಳಬಾರದಿತ್ತು. ನೀಲಿ ಸೀರೆ. ಚೆನ್ನಾಗಿತ್ತು.'

ಈಗ ನನಗೆ ತಿಳಿಯಿತು. ಆ ಮನುಷ್ಯ ಪ್ರತಿ ಬೆಳಿಗ್ಗೆ ಚೊಂಬಿನಲ್ಲಿ ಬಿಸಿನೀರು ತಂದು ಬುಡಕ್ಕೆ ಹಾಕುತ್ತಿದ್ದದ್ದು ಹೇಳುವುದಕ್ಕಲ್ಲ, ಕೇಳುವುದಕ್ಕೆ. ಹೆಂಡತಿ ಹಿಂದಿನ ದಿನ ಬೇರಿಗೆ ಹೇಳಿದ್ದನ್ನು ಬೆಚ್ಚಗೆ ಮಾಡಿ ಕೇಳಿಸಿಕೊಂಡು, ಒಂದೊಂದಕ್ಕೂ ಒಪ್ಪಿಕೊಂಡು, ಎದ್ದು ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದರು. ಸಂಜೆ ಬಂದು ಮತ್ತೆ ಉಪ್ಪಿನ ಮಾತು ಎತ್ತುತ್ತಿದ್ದರು. ಇಡೀ ಊರು ಎಲೆಗೆ ಕಿವಿಗೊಟ್ಟು ಕೂತಿರುವಾಗ ಬೇರಿಗೆ ಕಿವಿಗೊಟ್ಟವರು ಅವರೊಬ್ಬರೇ. ಅಷ್ಟು ಕೇಳಿಸಿಕೊಂಡ ಮನುಷ್ಯ ಎದ್ದು ಬಂದು ಒಂದು ಮಾತು ಆಡಲು ಏನಾಗಿತ್ತು ಧಾಡಿ? ನನಗೆ ಅಳುವೂ ಬಂತು, ಆ ಸತ್ತ ಮನುಷ್ಯನ ಬೆನ್ನಿಗೆ ಒಂದು ಗುದ್ದು ಹಾಕಬೇಕೆಂದೂ ಅನಿಸಿತು.

"ಅಯ್ಯೋ ಶಿವನೇ," ಎಂದರು ಸರ್ವಮಂಗಳಮ್ಮ. "ಎಲ್ಲಾ ಕೇಳಿಸ್ಕೊಂಡ್ಬಿಟ್ಟಿದಾರಲ್ಲೇ ಹಾಲಮ್ಮ! ಎಲ್ಲಾ!" ಒಂದು ಒಳ್ಳೆಯ ಮಾತು ಕೇಳಲು ಬಂದವರು, ಆ ಮಾತು ಎದುರಿಗೆ ಬಂದಾಗ, ತಮ್ಮ ಕೆಟ್ಟ ಮಾತುಗಳನ್ನೆಲ್ಲ ಆತ ಕೇಳಿದ್ದರಲ್ಲ ಎಂದು ಸಂಕಟಪಡುತ್ತಿದ್ದರು. ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವುದು ಕಷ್ಟ.

'ಉಪ್ಪು ಸರಿಯಾಗೇ ಇತ್ತು. ಇವರ ನಾಲಿಗೆಗೆ ಬಂದಿದೆ ಕೇಡು' ಎಂದಿತು ಬೇರು.

'ಉಪ್ಪು ಸರಿಯಾಗೇ ಇತ್ತು,' ಎಂದರು ಗುರುಸಿದ್ದಪ್ಪ.

ಆಗ ನನ್ನ ಮೊಣಕೈಗೆ ಬಿಸಿ ತಾಗಿ ಎಚ್ಚರವಾಯಿತು. ಮನಸ್ಸಿನಲ್ಲಿ ಹಾಡು ಇರಲಿಲ್ಲ. ಎಲ್ಲಿ ಬಿಟ್ಟೆನೋ, ಎಷ್ಟು ಹೊತ್ತಾಯಿತೋ, ಏನೂ ಗೊತ್ತಿಲ್ಲ. ನನ್ನ ಕಸುಬಿನಲ್ಲಿ ಇಂಥದ್ದು ಆಗಿರಲೇ ಇಲ್ಲ. ಎಲೆಗಳ ಅಂಚು ನೀರಿನಲ್ಲಿ ಮೆತ್ತಗಾಗುತ್ತಿತ್ತು.

"ಅಮ್ಮಾ, ಹಾಡು ತಪ್ಪಿಹೋಯ್ತು," ಎಂದೆ. "ಈಗ ಎತ್ತಿದ್ರೆ ಹುಳ ಉಳಿದು ಗಿಡ ಸಾಯುತ್ತೋ, ಬಿಟ್ರೆ ಬೆಂದು ಸಾಯುತ್ತೋ, ನನಗೆ ತಿಳೀತಾ ಇಲ್ಲ."

ಕುಂಡದ ಕಡೆ ಚಾಚಿದ ನನ್ನ ಕೈಯನ್ನು ಅವರು ಹಿಡಿದುಕೊಂಡರು. ಬೇರು ಮತ್ತೆ ಮಾತಾಡತೊಡಗಿತ್ತು. ಈ ಸಲ ಹೆಂಗಸಿನ ದನಿ ಇರಲಿಲ್ಲ. ಗೊಣಗಿದ್ದಕ್ಕೆ ಉತ್ತರವೂ ಅಲ್ಲ. ಗಂಡಸಿನ ದನಿಯೇ ತಾನಾಗಿ ಶುರು ಮಾಡಿತ್ತು. 'ಮಂಗಳಾ, ನಾನು...'

ಸರ್ವಮಂಗಳಮ್ಮನ ಬೆರಳು ನನ್ನ ಮಣಿಕಟ್ಟನ್ನು ಬಿಗಿಯಾಗಿ ಒತ್ತಿತು. ಅವರು ಒಂದು ಸಲ ನೀರನ್ನು ನೋಡಿದರು, ಒಂದು ಸಲ ಬಾಡುತ್ತಿದ್ದ ಎಲೆಗಳನ್ನು ನೋಡಿದರು. ಆಮೇಲೆ ಬಾಯಿ ತೆರೆದು, ನನಗಿಂತ ಜೋರಾಗಿ, ನನಗಿಂತ ಅಪಸ್ವರದಲ್ಲಿ, ಕೂಸು ಮೀಯಿಸುವ ಹಾಡಿನ ಕೊನೆಯ ನುಡಿಯನ್ನು ಎತ್ತಿಕೊಂಡರು. ಇಷ್ಟೇ ಬಾಕಿ ಇರಬೇಕು ಎಂದು ಅವರೇ ಅಂದಾಜು ಮಾಡಿದ್ದರು. ನಾನೂ ದನಿಗೂಡಿಸಿದೆ. ನಾವಿಬ್ಬರೂ ಹಾಡಿದ ಆ ಹಾಡಿನ ಅಡಿಯಲ್ಲಿ ಗುರುಸಿದ್ದಪ್ಪನವರು ಏನೋ ಹೇಳುತ್ತಿದ್ದರು. ನುಡಿ ಮುಗಿಯಿತು. ಇಬ್ಬರೂ ಒಟ್ಟಿಗೆ ಕುಂಡವನ್ನು ಎತ್ತಿದೆವು. ಅಷ್ಟರಲ್ಲಿ ಬೇರು ಸುಮ್ಮನಾಗಿತ್ತು.

ಅವರು ಹಾಡಿದ್ದು ಗಿಡ ಉಳಿಸಲು ಎಂದೇ ನಾನು ಆಗ ತಿಳಿದೆ. ಅದು ನಿಜವೇ. ಆದರೆ ಅಷ್ಟು ವರ್ಷ ಕಾದ ಮಾತು ಬಾಗಿಲಿಗೆ ಬಂದಾಗ ಅದನ್ನು ಕೇಳಲು ಧೈರ್ಯ ಸಾಲಲಿಲ್ಲ ಎಂದೂ ಈಗ ಅನಿಸುತ್ತದೆ. ನನಗಾದರೂ ಸಾಲುತ್ತಿರಲಿಲ್ಲ.

ಬಾಗಿಲು ತೆಗೆದಾಗ ಕಮಲಾಕ್ಷಿ ಅಲ್ಲೇ ನಿಂತಿದ್ದರು. "ಇಬ್ಬರೂ ಸೇರಿ ಏನು ಹಾಡ್ತಿದ್ರಿ? ಏನಂತು ಅತ್ತಿಗೆ? ಅಣ್ಣ ಏನಂದ?"

"ಏನೂ ಇಲ್ಲ," ಎಂದರು ಸರ್ವಮಂಗಳಮ್ಮ. "ಬಸ್ಸಿನ ಹೊತ್ತು ಕೂಗ್ತಿದ್ರು."

ನಾನು ಕುಂಡವನ್ನು ನೆರಳಲ್ಲಿಟ್ಟು ತಣ್ಣೀರು ಚಿಮುಕಿಸಿ ಕಳಿಸಿಕೊಟ್ಟೆ. ಉಳಿಯುತ್ತದೆಂಬ ಭರವಸೆ ನನಗಿರಲಿಲ್ಲ. ಅಂದುಕೊಂಡಂತೆಯೇ ವಾರದೊಳಗೆ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿಯಿತು ಎಂದು ಸುದ್ದಿ ಬಂತು. ಹಾಲಮ್ಮನ ಕೈ ಕೆಟ್ಟಿತು ಎಂದು ಬೀದಿ ಆಡಿಕೊಂಡಿತು. ಉಪ್ಪಿನ ಮಾತು ನಿಂತದ್ದಕ್ಕೂ ಆಡಿಕೊಂಡಿತು. ಗಂಡ ಸತ್ತ ಮೇಲೆ ಎರೆಸಿದಳೆಂದರೆ ಏನೋ ಇರಬೇಕು, ಉಪ್ಪಲ್ಲ, ಬೇರೆ ಏನೋ, ಎಂದರು. ನಿತ್ಯ ಕೇಳಿ ನಗುತ್ತಿದ್ದ ಮಾತು ಇಲ್ಲವಾದಾಗ ಅವರಿಗೂ ಸಂಜೆ ಕಳೆಯುವುದು ಕಷ್ಟವಾಗಿತ್ತು ಎಂದು ಕಾಣುತ್ತದೆ.

ಆದರೆ ಆ ಕಡ್ಡಿ ಚಿಗುರಿತು. ಮೊದಲು ಒಂದು ಕೆಂಪು ಮೊಳಕೆ, 'ಬಂದು ನೋಡು' ಎಂದು ಸರ್ವಮಂಗಳಮ್ಮ ಹೇಳಿ ಕಳಿಸುವಷ್ಟರಲ್ಲಿ ಐದಾರು ಎಲೆ. ಕಮಲಾಕ್ಷಿ ಸುಮ್ಮನಿರುವ ಹೆಂಗಸಲ್ಲ. ಹೊಸ ಎಲೆಗೆ ಹೊಸ ಹೇನು ಹತ್ತುವುದನ್ನೇ ಕಾದಿದ್ದು, ದಿನಾ ಬಂದು ಗಿಡದ ಮುಂದೆ ನಿಂತು, 'ನಮ್ಮಣ್ಣ ದೇವರಂಥ ಮನುಷ್ಯ' ಎಂದು ಸಭೆಯಲ್ಲಿ ಮಾತಾಡುವವರ ಹಾಗೆ ಹೇಳಿ ಹೋಗತೊಡಗಿದರು. ಹುಳುಗಳು ಕಲಿತವು. ಈಗ ಸಂಜೆ ಆ ಕ್ರೋಟನ್, 'ನಮ್ಮಣ್ಣ ದೇವರಂಥ ಮನುಷ್ಯ, ಕೇಳಿಸ್ತಾ? ಅಯ್ಯೋ ಇವು ಕಲಿಯೋ ಹಾಗೆ ಕಾಣಲ್ಲ ಅತ್ತಿಗೆ, ಇನ್ನೊಂದು ಸಲ ಹೇಳ್ತೀನಿ' ಎಂದು ಕಮಲಾಕ್ಷಿಯ ದನಿಯಲ್ಲಿ ಹೇಳುತ್ತದೆ. ಹುಡುಗರು ಮತ್ತೆ ಬಂದು ನಿಲ್ಲುತ್ತಿದ್ದಾರೆ.

ಅಷ್ಟು ಬೆಂದ ಗಿಡ ಉಳಿದದ್ದು ಹೇಗೆ ಎಂದು ನನಗೆ ಬಗೆಹರಿದಿರಲಿಲ್ಲ. ಮೊನ್ನೆ ಬೆಳಿಗ್ಗೆ ಅವರ ಬೀದಿಯಲ್ಲಿ ಹೋಗುವಾಗ ಬಗೆಹರಿಯಿತು. ಸರ್ವಮಂಗಳಮ್ಮ ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ಕೈಯಲ್ಲಿ ಆವಿಯಾಡುವ ಚೊಂಬು ಹಿಡಿದು ಹೊರಗೆ ಬಂದರು. ನೀಲಿ ಸೀರೆ ಉಟ್ಟಿದ್ದರು. ಆ ಚೊಂಬು ನೋಡಿದ ಕೂಡಲೇ ನನಗೆ ಹೊಳೆಯಿತು. ವರ್ಷಗಟ್ಟಲೆ ದಿನಾ ಬೆಚ್ಚಗಿನ ನೀರು ಕುಡಿದ ಬೇರು ಅದು. ಗುರುಸಿದ್ದಪ್ಪನವರು ತಮಗೆ ಗೊತ್ತಿಲ್ಲದೆಯೇ ಗಿಡಕ್ಕೆ ಬಿಸಿಯ ರೂಢಿ ಮಾಡಿಸಿಟ್ಟಿದ್ದರು, ಅದಕ್ಕೇ ಅದು ನನ್ನ ತೊಟ್ಟಿಯನ್ನು ತಾಳಿಕೊಂಡಿತು. ಗಿಡಕ್ಕೆ ರೂಢಿಯಾದರೆ ಹುಳುವಿಗೂ ಆಗಿರಬೇಕಲ್ಲ ಎಂಬುದು ಅದರ ಹಿಂದೆಯೇ ಹೊಳೆಯಿತು.

"ಅಮ್ಮಾ, ನಿಲ್ಲಿ," ಎಂದೆ. "ಬೇರಲ್ಲಿ ಹುಳ ಉಳಿದಿದೆ ಕಾಣುತ್ತೆ. ನನ್ನ ಕೆಲಸ ಕೆಟ್ಟಿದೆ. ತಂದುಕೊಡಿ, ಇನ್ನೊಂದು ಸಲ ಎರೆದುಕೊಡ್ತೀನಿ. ಈ ಸಲ ಸರಿಯಾಗಿ ಹಾಡ್ತೀನಿ."

"ಏನೂ ಕೆಟ್ಟಿಲ್ಲ," ಎಂದರು ಅವರು. "ನೀನು ನಿನ್ನ ದಾರಿ ಹಿಡಿದು ಹೋಗು ಹಾಲಮ್ಮ."

"ಹುಳ ಬಿಟ್ರೆ ಗಿಡ ಮತ್ತೆ ಸೊರಗುತ್ತೆ."

"ಸೊರಗೋಕೆ ಎಷ್ಟು ವರ್ಷ ಬೇಕು?"

ಮೊದಲಿನ ಸಲ ಎಷ್ಟು ವರ್ಷ ಹಿಡಿದಿತ್ತೋ ಅಷ್ಟು ಎಂದೆ. ಅದು ಅವರ ಸಂಸಾರದ ಉದ್ದ.

"ಸಾಕು. ನನಗೆ ಅಷ್ಟು ಬೇಡ," ಎಂದು ಅವರು ಕುಂಡದ ಮುಂದೆ ಮಂಡಿಯೂರಿ, ಚೊಂಬಿನ ನೀರನ್ನು ಬುಡಕ್ಕೆ ಸಣ್ಣಗೆ ಸುರಿದು, ಕಿವಿಯನ್ನು ಮಣ್ಣಿಗೆ ಹತ್ತಿರ ತಂದರು.

ಬೀದಿ ಖಾಲಿ ಇತ್ತು. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಮಣ್ಣಿನೊಳಗಿಂದ ಮೆತ್ತನೆಯ ದನಿಯೊಂದು 'ಮಂಗಳಾ' ಎಂದದ್ದು ನನಗೂ ಕೇಳಿಸಿತು. ಅದರ ಮುಂದಿನದ್ದು ಏನು ಎಂದು ಆ ದಿನದಿಂದ ನನಗೂ ತಿಳಿಯಬೇಕಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನಾನು ಎರೆಯುವವಳು. ಅವರಿಗೆ ಬೆನ್ನು ಹಾಕಿ, ಬೀದಿಯ ಆ ಕೊನೆಯವರೆಗೂ ಕೇಳುವಂತೆ, ಕತ್ತೆಯ ದನಿಯಲ್ಲಿ 'ನೀರು ಬಂತು ನೆತ್ತಿಗೆ' ಎಂದು ಹಾಡುತ್ತ ಹೊರಟುಬಿಟ್ಟೆ.